ಅವ್ವ ಮನೆ ತೊಳೆದ ಅಮಾವಾಸ್ಯೆ

ಆಗೆಲ್ಲ ನಮ್ಮೂರು ಗೋಗಿಯಲ್ಲಿ ಅಮಾವಾಸ್ಯೆ ಬಂತೆಂದರೆ ಮನೆಮನೆಯ ಬಾಗಿಲಿಂದ ನೀರು ಹರಿದು ಓಣಿಯೆಲ್ಲ ಹಸಿಯಾಗುತ್ತಿತ್ತು. ಫರಸಿ ಕಲ್ಲಿನ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದು ಕಸಬರಿಗೆಯಿಂದ ತಿಕ್ಕದಿದ್ದರೆ ಅವ್ವನಿಗೆ ಒಲೆ ಹಚ್ಚಲು ಮನಸ್ಸೇ ಬರುತ್ತಿರಲಿಲ್ಲ. ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ನಮ್ಮಿಬ್ಬರನ್ನೂ ಮಸ್ಕತ್‌ಗೆ ಕರೆಸಿಕೊಂಡ. ಅಲ್ಲಿ ಬಡಿಗತನ ಮಾಡುತ್ತಿದ್ದವನು, ನಮಗಾಗಿ ಒಂದು ಹಳೆಯ ಮನೆ ಹಿಡಿದು, ಮಾಲೀಕನನ್ನು ಒಪ್ಪಿಸಿ, ತಾನೇ ರಿಪೇರಿ ಮಾಡಿ ಕಟ್ಟಿಗೆಯ ನೆಲ ಹಾಸಿದ್ದ.

ಮನೆ ಚಂದವಿತ್ತು. ತೊಂದರೆಯೇ ಅದು. ಹೊಸ ಬಣ್ಣದ ವಾಸನೆಗೆ ಅವ್ವನಿಗೆ ರೊಟ್ಟಿ ಇಳಿಯದು. ಕುಂಟಾಬಿಲ್ಲೆ ಆಡಲು ನಾನು ನೆಲಕ್ಕೆ ಗೆರೆ ಎಳೆಯುವಂತಿಲ್ಲ. ಅವ್ವ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಸುಮ್ಮನೆ ತಿರುಗುತ್ತಿದ್ದಳು. ಊರಿಗೆ ಯಾವಾಗ ಅಂತ ದಿನಾ ಸಂಜೆ ಕೇಳುತ್ತಿದ್ದಳು. ಅಪ್ಪ ಕೇಳಿಸದವನಂತೆ ಬಾಗಿಲಿಗೆ ಪಾಲಿಶ್ ಉಜ್ಜುತ್ತಿದ್ದ. ಅವಳು ಹೊರಟರೆ ನಾನೂ ಹೊರಡಬೇಕು, ಅಪ್ಪ ಮತ್ತೆ ಬರೀ ಫೋನಿನ ಅಪ್ಪನಾಗುತ್ತಾನೆ ಎಂದು ನನಗೆ ಹೆದರಿಕೆ.

ಅಮಾವಾಸ್ಯೆ ಬಂತು. ಅಪ್ಪ ಕೆಲಸಕ್ಕೆ ಹೋದದ್ದೇ ತಡ, ಅವ್ವ ಸೀರೆ ಎತ್ತಿಕಟ್ಟಿ ಬಕೆಟ್ ಮೇಲೆ ಬಕೆಟ್ ಸುರಿದಳು. ನಾನು ಜಾರಿ ಬಿದ್ದೆ. ಅವಳು ನಕ್ಕು ನನ್ನ ಮೇಲೂ ನೀರು ಎರಚಿದಳು. ಆ ಮನೆಯಲ್ಲಿ ಅವ್ವ ನಕ್ಕದ್ದು ಅದೇ ಮೊದಲು. ಆದರೆ ನೀರು ಹೊರಗೆ ಹೋಗಲು ಎಲ್ಲೂ ಕಿಂಡಿಯೇ ಇರಲಿಲ್ಲ. ಟವೆಲ್ಲು, ಚಾದರ, ಕೊನೆಗೆ ಅವಳ ಸೀರೆಗಳನ್ನೂ ಹಾಸಿ ಹಿಂಡಿದೆವು. ಸಂಜೆಯ ಹೊತ್ತಿಗೆ ಹಲಗೆಗಳು ಉಬ್ಬಿ ಅಂಚುಗಳು ಮೇಲೆದ್ದಿದ್ದವು.

ಅಪ್ಪ ಬಂದು ನೋಡಿದ. ಕೂತು ಮೇಲೆದ್ದ ಹಲಗೆಯ ಅಂಚನ್ನು ಅಂಗೈಯಿಂದ ಒತ್ತಿದ, ಅದು ಮತ್ತೆ ಎದ್ದಿತು. ಬೈದಿದ್ದರೇ ಚಲೋ ಇತ್ತು. ಅವ್ವ ಮೂಲೆಯಲ್ಲಿ ನಿಂತು, “ನನ್ನ ಊರಿಗೆ ಕಳಿಸಿಬಿಡ್ರಿ” ಅಂದಳು.

“ನೀ ಹೋದ್ರ ಈ ಮನಿ ತೊಗೊಂಡು ನಾ ಏನ್ ಮಾಡ್ಲಿ?” ಅಂದ ಅಪ್ಪ.

ಅವ್ವ ಉಳಿದಳು. ಅಪ್ಪ ರಜೆಯ ದಿನಗಳಲ್ಲಿ ಹಲಗೆ ಕಿತ್ತು ಟೈಲ್ಸ್ ಹಾಕಿಸಿದ, ಬಾಗಿಲ ಬಳಿ ನೀರು ಹೋಗಲು ಕಿಂಡಿ ಕೊರೆದ. ಮತ್ತೊಂದು ಅಮಾವಾಸ್ಯೆಗೆ ತಾನೇ ಬಕೆಟ್ ತುಂಬಿ ಅವಳ ಮುಂದಿಟ್ಟ. ಅವ್ವ ಅದರಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ನೆಲ ಒರೆಸಿದಳು. “ಮಂದಿ ಮನ್ಯಾಗ ಹ್ಯಾಂಗ ಇರಬೇಕೋ ಹಾಂಗ ಇರ್ತೀನಿ ಬಿಡ್ರಿ” ಅಂದಳು. ಉಳಿದ ನೀರನ್ನು ಅಪ್ಪನೇ ಒಯ್ದು ಬಚ್ಚಲಿಗೆ ಚೆಲ್ಲಿದ.

ಈಗ ಊರ ಹತ್ತಿರದ ಶಹಾಪುರದಲ್ಲಿ ನನ್ನದೇ ಮನೆಯಿದೆ. ಯಾರನ್ನೂ ಕೇಳದೆ ಮನೆ ತುಂಬ ನೀರು ಹರಿಸಿದ ಆ ಅವ್ವ ಮಾತ್ರ ನನಗೆ ಮತ್ತೆ ಸಿಗಲಿಲ್ಲ. ಈಗಿನ ಅವ್ವ ನನ್ನ ಮನೆಗೆ ಬಂದಾಗೆಲ್ಲ ಕುರ್ಚಿಯ ತುದಿಗೆ ಕೂತು, ಫ್ಯಾನ್ ಹಚ್ಚಲೇನವ್ವಾ ಎಂದು ಮಗಳಾದ ನನ್ನನ್ನು ಕೇಳುತ್ತಾಳೆ.