ಗಾಜಿನ ಮನೆಯ ಮುಖಗಳು

ಇವತ್ತು ಅರಸೀಕೆರೆಯಲ್ಲಿ ತೀರಿಹೋದ ಅಪ್ಪನ ಪಟಕ್ಕೆ ಗಾಜು ತೆಗೆಸಿ ಲ್ಯಾಮಿನೇಷನ್ ಮಾಡಿಸಲು ಹೋಗಿದ್ದೆ. ಅಂಗಡಿಯಲ್ಲಿ ಗಾಜಿಗೆ ಮೆತ್ತುವ ಪುಟ್ಟಿಯ ವಾಸನೆಗೆ ಹಳೇಬೀಡಿನ ನಮ್ಮ ಹಿತ್ತಿಲು ಕಣ್ಮುಂದೆ ಬಂತು.

ಅಪ್ಪ ಅಲ್ಲಿ ಅಂಗಡಿ ಇಟ್ಟುಕೊಂಡು ಪಟಗಳಿಗೆ ಕಟ್ಟು ಹಾಕುತ್ತಿದ್ದರು. ಅರೇಹಳ್ಳಿಯ ತೋಟದವರು ಬೇಡವೆಂದ ಗಾಜಿನ ಮನೆಯನ್ನು ಬಿಚ್ಚಿ ಲಾರಿಯಲ್ಲಿ ತಂದು, ಗುಲಾಬಿ ಸಸಿಗಳಿಗೆಂದು ಹಿತ್ತಿಲಲ್ಲಿ ನಿಲ್ಲಿಸಿದರು. ದಾರಿಯಲ್ಲಿ ಒಡೆದ ಗಾಜುಗಳ ಜಾಗಕ್ಕೆ, ಜನ ಲ್ಯಾಮಿನೇಷನ್ ಮಾಡಿಸಿಕೊಂಡು ಅಂಗಡಿಯಲ್ಲೇ ಬಿಟ್ಟುಹೋದ ಹಳೇ ಪಟದ ಗಾಜುಗಳನ್ನು ಕೂರಿಸಿ ಪುಟ್ಟಿ ಮೆತ್ತಿದರು. ಎಲ್ಲವೂ ತೀರಿಹೋದವರ ಪಟದವು.

ಶಾಲೆ ಬಿಟ್ಟಿದ್ದ ನನಗೆ ಬೆಳಗ್ಗೆ ಸಸಿಗಳಿಗೆ ನೀರು ಹಾಕುವ ಕೆಲಸ. ಒಳಗೆ ಹಬೆ ಕಟ್ಟಿದಾಗ ಆ ಗಾಜುಗಳಲ್ಲಿ ಮಾತ್ರ ಮಸುಕಾಗಿ ಮುಖಗಳು ಮೂಡುತ್ತಿದ್ದವು. ಹಣೆಯಲ್ಲಿ ವರ್ಷಗಟ್ಟಲೆ ಕುಂಕುಮ ಇಟ್ಟ ಗುರುತು. ಒರೆಸಿದರೂ ಮರುದಿನ ಅಲ್ಲೇ.

"ಅಪ್ಪಾ, ಅವ್ರು ನನ್ನೇ ನೋಡ್ತಾರೆ."

"ಬರೀ ಗಾಜು ಕಣೇ, ಪುಕ್ಕಲಿ."

ಅಜ್ಜಿ ಮಾತ್ರ ಗದರಿದರು. "ಒರೆಸ್ಬೇಡ ಕಣೇ. ಮನೆಯೋರೇ ಬಿಟ್ಟೋಗವ್ರೆ, ಪಾಪ, ಇನ್ನೆಲ್ಲಿಗೆ ಹೋದಾರು?"

ಇವತ್ತು ಅಂಗಡಿಯವನು ಕೇಳಿದ, "ಹಳೇ ಗಾಜು ಇಲ್ಲೇ ಬಿಡ್ತೀರಾ ಅಕ್ಕಾ?"

"ಇಲ್ಲಪ್ಪ, ಕೊಡು" ಎಂದೆ.

ಪೇಪರಿನಲ್ಲಿ ಸುತ್ತಿ ಮನೆಗೆ ತಂದು, ಬಿಚ್ಚಿ, ಅನ್ನದ ಹಬೆ ತಾಗದ ಕಡೆ ಇಟ್ಟಿದ್ದೇನೆ. ಆದರೂ ಹೋಗಿ ಹೋಗಿ ನೋಡುತ್ತಿದ್ದೇನೆ.