ಬೆಳಕಿಗೆ ಬೆನ್ನು ಮಾಡಿದ ನಿಂಗಕ್ಕ

ಬುಕ್ಕಸಾಗರದ ನಿಂಗಕ್ಕನದು ಭತ್ತದ ನಾಟಿ ಹಚ್ಚುವುದರಲ್ಲಿ ಪಳಗಿದ ಕೈ. ಕಾಲುವೆಗೆ ನೀರು ಬಂತೆಂದರೆ ಗದ್ದೆಯವರು ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಅವಳನ್ನೇ. ಮದುವೆಯಾಗಿ ಸಂಡೂರು ಗುಡ್ಡದ ಕೆಳಗಿನ ಊರಿಗೆ ಹೋದ ಮೇಲೆ ಆ ಕೈಗೆ ಕೆಸರು ಸಿಗಲಿಲ್ಲ. ಅಲ್ಲಿ ಎತ್ತ ನೋಡಿದರೂ ಕೆಂಪು. ರಸ್ತೆ ಕೆಂಪು, ಗಿಡದ ಎಲೆ ಕೆಂಪು, ಸಂಜೆ ಮನೆಗೆ ಬರುವ ಗಂಡ ಎರ್ರಿಯಪ್ಪನ ಹುಬ್ಬೂ ಕೆಂಪು. ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳವು. ಎರ್ರಿಯಪ್ಪ ಲಾರಿಗೆ ಅದಿರು ತುಂಬುತ್ತಿದ್ದ, ನಿಂಗಕ್ಕ ಉಳಿದ ಹೆಂಗಸರೊಂದಿಗೆ ಕುಳಿತು ಅದಿರು ಒಡೆದು ಜರಡಿ ಹಿಡಿಯುತ್ತಿದ್ದಳು. ಗಂಡ ಒಳ್ಳೆಯವನು. ಆದರೂ ಅವಳಿಗೆ ತವರಿನ ಹಸಿರು ನೋಡುವ ಆಸೆ ಹತ್ತಿಕ್ಕಲಾಗದಷ್ಟು ಬರುತ್ತಿತ್ತು. ಹೇಳಿಕೊಂಡರೆ ಗಂಡನ ಊರನ್ನು ಹಳಿದಂತಾದೀತೆಂದು ಬಾಯಿ ಬಿಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಜರಡಿ ಹಿಡಿಯುವಾಗ ಅವಳ ಎಡಗಣ್ಣಿಗೆ ಅದಿರಿನ ಹರಳು ಸಿಡಿಯಿತು. ಹತ್ತಿರದ ಗುಂಡಿಯಲ್ಲಿ ನಿಂತಿದ್ದ ನೀರನ್ನೇ ಬೊಗಸೆಯಲ್ಲಿ ತೆಗೆದುಕೊಂಡು ಕಣ್ಣು ತೊಳೆದುಕೊಂಡಳು. ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಕೆಲವು ದಿನಗಳಲ್ಲಿ ಕಣ್ಣು ಕೆಂಪಗಾಯಿತು. ಔಷಧಿ ಅಂಗಡಿಯವನು ಕೊಟ್ಟ ಹನಿಯಿಂದ ಅದು ಹೋಗಲಿಲ್ಲ. ಒಬ್ಬ ವೈದ್ಯರು ಇದು ವೈರಸ್ ಹುಣ್ಣು ಎಂದು ಬೇರೆ ಹನಿ ಬರೆದುಕೊಟ್ಟರು. ಅದನ್ನು ಹಾಕುತ್ತ ಹೋದಂತೆ ನೋವು ಇನ್ನೂ ಏರಿತು. ಬೆಳಕಂತೂ ಸೂಜಿಯಂತೆ ಚುಚ್ಚುತ್ತಿತ್ತು. ಹುಟ್ಟಿದಾಗಿನಿಂದ ಬಿಸಿಲಲ್ಲೇ ಬಾಳಿದ ಹೆಂಗಸು ಬಾಗಿಲಿಗೆ ಕಂಬಳಿ ಕಟ್ಟಿ, ಗೋಡೆಗೆ ಮುಖ ಮಾಡಿ ಕುಳಿತಳು. ಅದನ್ನು ನೋಡಲಾಗದೆ ಎರ್ರಿಯಪ್ಪ ಅವಳ ತಲೆಗೆ ಸೆರಗು ಹೊದಿಸಿ ಹೊಸಪೇಟೆಯ ಕಣ್ಣಿನ ಆಸ್ಪತ್ರೆಗೆ ಕರೆತಂದ.

ಅಲ್ಲಿನ ಡಾಕ್ಟರ್ ಶಾಂಭವಿ ಕಂಪ್ಲಿಯ ಕಡೆಯವರು. ಕಣ್ಣಿನ ಕರಿಭಾಗದ ಮೇಲೆ ಬಿಳಿಯ ಉಂಗುರದಂಥ ಕಲೆ ಕಟ್ಟಿರುವುದನ್ನು ಬಹಳ ಹೊತ್ತು ನೋಡಿದರು. ಹುಣ್ಣು ಅಷ್ಟು ದೊಡ್ಡದಲ್ಲ, ನೋವು ಮಾತ್ರ ಅಳತೆ ಮೀರಿದ್ದು. ಅದೇ ಅವರ ಮನಸ್ಸಿಗೆ ಹೊಂದಲಿಲ್ಲ.

“ಕಣ್ಣು ಯಾವ ನೀರಿಲೆ ತೊಳಕೊಂಡಿದ್ರಿ, ನಿಂಗಕ್ಕಾ?” ಎಂದು ಕೇಳಿದರು.

ಅಷ್ಟು ದಿನಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳು ಗುಂಡಿಯ ಸಂಗತಿ ಹೇಳಿದಳು.

ಡಾಕ್ಟರ್ ಕಣ್ಣು ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಮೇಲ್ಪದರವನ್ನು ಚೂರೇ ಕೆರೆದು ಗಾಜಿನ ಮೇಲಿಟ್ಟು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ಗೋಡೆಯ ಪುಟ್ಟ ಗೂಡುಗಳು ಕಂಡವು. ಓದುವ ಕಾಲದಲ್ಲಿ ಅವರು ಇವನ್ನು ಒಮ್ಮೆ ಕಂಡಿದ್ದರು, ಆಮೇಲೆ ಈಗಲೇ. ನಿಂತ ನೀರಲ್ಲಿ, ಕೆಸರಲ್ಲಿ ಬದುಕುವ ಅಮೀಬಾ ಎಂಬ ಜೀವಿ ಇದು, ಗಾಯವಾದ ಕಣ್ಣು ಸಿಕ್ಕರೆ ಒಳಗೆ ಸೇರುತ್ತದೆ, ಔಷಧಿ ತಾಗಿದರೆ ಗೂಡು ಕಟ್ಟಿಕೊಂಡು ಅಡಗುತ್ತದೆ ಎಂದು ಗಂಡ ಹೆಂಡತಿ ಇಬ್ಬರಿಗೂ ತಿಳಿಸಿ ಹೇಳಿದರು. ಮೊದಲು ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ ಹಾಕಬೇಕು, ಆಮೇಲೂ ತಿಂಗಳುಗಟ್ಟಲೆ ಬಿಡುವಂತಿಲ್ಲ. ಆಸ್ಪತ್ರೆಗೆ ಹತ್ತಿರ ಇರಬೇಕು.

ಹತ್ತಿರವಿದ್ದದ್ದು ಬುಕ್ಕಸಾಗರ. ಹೀಗೆ ನಿಂಗಕ್ಕ ತವರಿಗೆ ಬಂದಳು, ನಾಟಿಯ ಕಾಲದಲ್ಲೇ ಬಂದಳು. ಆದರೆ ಕಿಟಕಿ ಮುಚ್ಚಿದ ಕೋಣೆ ಬಿಟ್ಟು ಹೊರಬರಲು ಆಗಲಿಲ್ಲ. ತಾಯಿ ದುರುಗವ್ವ ಹನಿ ಹಾಕುತ್ತಿದ್ದಳು. ಕಾಲುವೆಯ ಸದ್ದು, ಗದ್ದೆಗೆ ಹೋಗುವ ಹೆಂಗಸರ ನಗು, ಸಸಿಯ ಹಸಿ ವಾಸನೆ ಗೋಡೆಯಾಚೆಯಿಂದ ಬರುತ್ತಿದ್ದವು. ಗುಡ್ಡದ ಊರಲ್ಲಿದ್ದಾಗ ಗದ್ದೆ ದೂರವಿತ್ತು. ಈಗ ಕೂಗಿದರೆ ಕೇಳುವಷ್ಟು ಹತ್ತಿರವಿದ್ದುದರಿಂದ ಸಂಕಟ ಇಮ್ಮಡಿಯಾಯಿತು. ಜೊತೆಗೆ ಎರ್ರಿಯಪ್ಪನ ನೆನಪು. ಅವನು ಕೆಲಸ ಬಿಟ್ಟು ಬರುವಂತಿರಲಿಲ್ಲ. ಅಪರೂಪಕ್ಕೆ ಬಂದ ದಿನ ಅವಳು ಕಣ್ಣು ಮುಚ್ಚಿಕೊಂಡೇ ಅವನ ಅಂಗಿಯ ದೂಳಿನ ವಾಸನೆ ಹಿಡಿದು, ಬಂದೆಯಾ ಎನ್ನುತ್ತಿದ್ದಳು.

ಒಮ್ಮೆ ತಪಾಸಣೆಗೆ ಹೋದಾಗ ಮೆಲ್ಲಗೆ ಕೇಳಿದಳು, “ಕಣ್ಣಿಗೆ ಬ್ಯಾಡ್ರಿ, ಕಾಲಾದ್ರೂ ಒಂದೀಟು ಗದ್ದಿ ಕೆಸರಿನ್ಯಾಗ ಇಡ್ಲೇನ್ರಿ?”

ಶಾಂಭವಿ ಅವಳ ಕೈಗಳನ್ನು ನೋಡಿದರು. “ಕಾಲಿಗೇನೂ ಆಗಂಗಿಲ್ರಿ. ಆದ್ರ ಸಸಿ ಕಂಡ್ರ ನಿಮ್ಮ ಕೈ ಸುಮ್ಮನಿರಂಗಿಲ್ಲ. ಆ ಕೈ ಕಣ್ಣಿಗೆ ಹೋಗ್ತದ. ಈಗ ಬ್ಯಾಡ,” ಎಂದರು.

ನಿಂಗಕ್ಕ ಆ ಮಾತು ಮೀರಲಿಲ್ಲ. ಚಳಿ ಬರುವ ಹೊತ್ತಿಗೆ ನೋವು ಹೋಯಿತು, ಕಣ್ಣು ಬೆಳಕನ್ನು ತಾಳಿತು. ಕಣ್ಣಿನ ಮೇಲೆ ಬಿಳಿಯ ಕಲೆಯೊಂದು ಉಳಿಯಿತು. ಆ ಕಣ್ಣಿಗೆ ಎಲ್ಲವೂ ಮಂಜಿನಾಚೆ ಇದ್ದಂತೆ. ಯಾರಾದರೂ ಕಣ್ಣು ದಾನ ಕೊಟ್ಟರೆ ಮುಂದೆ ಹೊಸ ಪದರ ಕೂರಿಸಿ ನೋಡಬಹುದು ಎಂದು ಡಾಕ್ಟರ್ ಹೇಳಿದರು.

ಎರ್ರಿಯಪ್ಪ ಕರೆದುಕೊಂಡು ಹೋಗಲು ಬಂದ ದಿನ ಭತ್ತ ತೆನೆ ಬಾಗಿ ನಿಂತಿತ್ತು. ನಿಂಗಕ್ಕ ಬದುವಿನ ಮೇಲೆ ಹೋಗಿ ನಿಂತು ಮೊದಲು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿದಳು. ಬಲಗಣ್ಣಿಗೆ ಗದ್ದೆ, ಬದು, ಕಾಲುವೆ ಬೇರೆ ಬೇರೆಯಾಗಿ ಕಂಡವು. ಎಡಗಣ್ಣಿಗೆ ಬರೀ ಹಳದಿ, ಕೊನೆಯೇ ಇಲ್ಲದ ಹಳದಿ. ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ಇಲ್ಲೇ ಇರಲೇ ಎಂಬ ಮಾತು ಗಂಟಲವರೆಗೆ ಬಂದಿತ್ತು. ಇಲ್ಲಿದ್ದರೆ ಗಂಡನಿಗಾಗಿ ಜೀವ ಮಿಡಿಯುತ್ತದೆ, ಅಲ್ಲಿದ್ದರೆ ಇದಕ್ಕಾಗಿ. ಅವಳು ಬಟ್ಟೆಯ ಗಂಟು ಎತ್ತಿಕೊಂಡಳು.

ಬಸ್ಸಿನಲ್ಲಿ ಎರ್ರಿಯಪ್ಪ ಅವಳ ಎಡಕ್ಕೆ ಕುಳಿತ. ಜರಡಿ ಕೆಲಸ ಇನ್ನು ಬೇಡ ಎಂದು ಏನೇನೋ ಹೇಳುತ್ತಿದ್ದ. ಅವಳು ತಿರುಗಿ ನೋಡಿದಳು.

“ಈ ಕಡಿಗೆ ಬಂದು ಕುಂದ್ರು,” ಎಂದಳು. “ಆ ಕಡಿ ಕುಂತ್ರ ನೀನು ಕಾಣಂಗಿಲ್ಲ.”

ಅವನು ಎದ್ದು ಅವಳ ಬಲಕ್ಕೆ ಬಂದು ಕುಳಿತ.