ಬೇವಿನ ಬುಡಕ್ಕೊಂದು ತುತ್ತು ಚರಗ

ಲಿಂಗಸುಗೂರಿನ ಹೈಸ್ಕೂಲಿಗೆ ಹೋದ ಮೊದಲ ದಿನ ಬಾಗಿಲಲ್ಲಿ ಮೆಟ್ಟು ಕಳಚಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆ ಎತ್ತಿದರೆ ಒಳಗಿದ್ದ ಹುಡುಗರೆಲ್ಲ ಗೊಳ್ಳೆಂದು ನಗುತ್ತಿದ್ದರು. ಅವರ ಕಾಲಲ್ಲಿ ಬೂಟು, ತಲೆಯ ಮೇಲೆ ಗೊಂಡೆಯ ಕೆಂಪು ಟೊಪ್ಪಿಗೆ. ಬರಿಗಾಲಲ್ಲಿ ನಿಂತವನು ನಾನೊಬ್ಬನೇ.

ನಮ್ಮ ಪಾಮನಕಲ್ಲೂರಿನ ಮಠದಲ್ಲಿ ಅಯ್ಯನವರ ಮುಂದೆ ಮರಳಿನ ಮೇಲೆ ಅಕ್ಷರ ತಿದ್ದುವಾಗ ನಾವು ಹಾಗೇ ಒಳಗೆ ಹೋಗುತ್ತಿದ್ದೆವು. ಆಮೇಲೆ ಮಸ್ಕಿಯ ಮುನ್ಶಿಯೊಬ್ಬರ ಪಡಸಾಲೆಯಲ್ಲಿ ಎರಡು ವರ್ಷ ಉರ್ದು ಕಲಿತೆ. ಅಲ್ಲಿಯೂ ಮೆಟ್ಟು ಹೊರಗೇ. ದಸರೆ ಮುಗಿದ ಮೇಲೆ ಹೇಗೋ ಪ್ರವೇಶ ಪರೀಕ್ಷೆ ದಾಟಿ ಲಿಂಗಸುಗೂರಿಗೆ ಬಂದೆ. ಆ ಹೊತ್ತಿಗೆ ನನಗೆ ಮೀಸೆ ಚಿಗುರಿತ್ತು. ಪಕ್ಕದಲ್ಲಿ ಕೂತ ಹುಡುಗರಿಗೆ ಇನ್ನೂ ದನಿಯೇ ಒಡೆದಿರಲಿಲ್ಲ.

ನನ್ನನ್ನು ಓದಿಸುವ ಹಟ ಅಪ್ಪನದು. ನಿಜಾಮರ ಕಾಲ, ಊರಿಗೆ ಬರುವ ಸರಕಾರಿ ಕಾಗದವೆಲ್ಲ ಉರ್ದುವಿನಲ್ಲಿ. ಅದನ್ನು ಓದಿಸಲು ನಮ್ಮ ಜನ ಮಸ್ಕಿಯವರೆಗೆ ನಡೆಯಬೇಕು. "ಊರಾಗ ಒಬ್ಬನರ ಓದಾಂವ ಇರ್ಲಿ" ಎಂದು ಅಪ್ಪ ನೊಗದ ಕೆಳಗಿಂದ ನನ್ನನ್ನು ಬಿಡಿಸಿ ಕಳಿಸಿದ್ದ. ಶಾಲೆ ತಪ್ಪಿದರೆ ಮತ್ತೆ ನೊಗವೇ ಗತಿ. ಅದು ನನಗೂ ಗೊತ್ತಿತ್ತು.

ಉಳಿಯಲು ಜಾಗ ಸಿಕ್ಕಿದ್ದು ಹಸೀನಾಬಿಯವರ ಅಂಗಳದ ಕೋಣೆಯಲ್ಲಿ. ಬಂಡಿ ಹೊಡೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವ್ವ ನನ್ನನ್ನು ಬಿಟ್ಟು ಹೋಗುವಾಗ ಅವರ ಕೈ ಹಿಡಿದು ಅತ್ತಿದ್ದಳು. ನಾನು ಅವರನ್ನು ಬೀಬಮ್ಮ ಎನ್ನುತ್ತಿದ್ದೆ. ಅವರ ಮನೆಯ ನೀರು ಸಹ ನಾನು ಕುಡಿಯುತ್ತಿರಲಿಲ್ಲ. ನಮ್ಮ ಮನೆಯ ಕಟ್ಟುಪಾಡು ಹಾಗಿತ್ತು. ಬೀಬಮ್ಮ ಅದಕ್ಕೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನ್ನ ಕೊಡಕ್ಕೆ ಅಂಗಳದ ಬೇವಿನ ಮರದ ನೆರಳಲ್ಲಿ ಬೇರೆ ಕಟ್ಟೆ ಮಾಡಿಕೊಟ್ಟು, ಅದನ್ನು ಕೋಳಿ ಮುಟ್ಟಿದರೂ ಗದರಿಸಿ ಓಡಿಸುತ್ತಿದ್ದರು. ಊರಿಂದ ಬಂದ ರೊಟ್ಟಿಯ ಗಂಟು ನಾಲ್ಕನೆಯ ದಿನಕ್ಕೆ ಹಪ್ಪಳದಂತೆ ಮುರಿಯುತ್ತಿತ್ತು. ಅದನ್ನು ಶಾಲೆಯಲ್ಲಿ ಬಿಚ್ಚಲು ನಾಚಿ, ಗೋಡೆಯ ಹಿಂದೆ ನಿಂತೇ ನುಂಗುತ್ತಿದ್ದೆ.

ಅಲ್ಲಿ ವಾರವೇ ಬೇರೆ. ಊರಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಇಲ್ಲಿ ಸೋಮವಾರ ಪಾಠ, ಶುಕ್ರವಾರ ರಜೆ. ಅದನ್ನು ಬೇಗ ಕಲಿತೆ. ಆದರೆ ಅಮಾವಾಸ್ಯೆಗೂ ಪಾಠ ಮಾಡುವ ಶಾಲೆ ಲೋಕದಲ್ಲಿ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಮಠದಲ್ಲಿ ಅಮಾವಾಸ್ಯೆ, ಮರುದಿನದ ಪಾಡ್ಯ ಎರಡೂ ರಜೆ. ರೈತರ ಮಕ್ಕಳೇ ತುಂಬಿದ್ದ ಮುನ್ಶಿಯ ಪಡಸಾಲೆಯಲ್ಲೂ ಅಷ್ಟೇ. ಲಿಂಗಸುಗೂರಿನಲ್ಲಿ ನಾನು ಕಂಡ ಮೊದಲ ಅಮಾವಾಸ್ಯೆಗೆ ದೀಪಾವಳಿಯ ರಜೆಯಿತ್ತು. ಎರಡನೆಯದು ಶುಕ್ರವಾರ ಬಿತ್ತು, ಮರುದಿನ ಪಾಡ್ಯವೆಂದು ನಾನು ಕೋಣೆಯಲ್ಲೇ ಉಳಿದೆ. ಎರಡು ಸಲವೂ ಶಾಲೆಗೆ ಬೀಗ ಕಂಡು, ಇವರೂ ನಮ್ಮಂತೆಯೇ ಎಂದು ಸಮಾಧಾನಪಟ್ಟೆ.

ಮೂರನೆಯದು ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಅಡುಗೆಯ ತುತ್ತು ಚೆಲ್ಲುವ ದಿನ. ಅದಕ್ಕೆ ಚರಗ ಎನ್ನುತ್ತೇವೆ. ಯಾರನ್ನೂ ಕೇಳದೆ ಹಿಂದಿನ ದಿನವೇ ಊರಿಗೆ ನಡೆದೆ. ಚರಗ ಚೆಲ್ಲಿದೆ, ಸಜ್ಜೆ ರೊಟ್ಟಿ, ಕಡಬು ತಿಂದೆ, ಪಾಡ್ಯದ ದಿನ ಮರಳಿ ನಡೆದು ಸೋಮವಾರ ಶಾಲೆಗೆ ಹೋದೆ.

ಆ ಎರಡು ದಿನಗಳಲ್ಲಿ ಪರೀಕ್ಷೆ ಮುಗಿದುಹೋಗಿತ್ತು. ಹಲಗೆಯ ಮೇಲೆ ಪರೀಕ್ಷೆಗೆ ಸರಕಾರಿ ಲೆಕ್ಕದ ಬಹಮನ್ ತಿಂಗಳ ತಾರೀಖು ಬರೆದದ್ದನ್ನು ನಾನೂ ಓದಿದ್ದೆ. ಬಹಮನ್ ಎಂದರೆ ನಮ್ಮ ಯಾವ ತಿಂಗಳೆಂದು ಮಾತ್ರ ಗೊತ್ತಿರಲಿಲ್ಲ. ಕೇಳಿದರೆ ಮತ್ತೆ ನಗುತ್ತಾರೆಂದು ಬಾಯಿ ಬಿಗಿದಿದ್ದೆ. ಹೆಡ್‌ಮಾಸ್ತರ ಸಾಹೇಬರು ಹೈದರಾಬಾದಿನವರು, ಖಡಕ್ ಮನುಷ್ಯ. ನಾಳೆಯೊಳಗೆ ಹಿರಿಯರು ಬಂದು ಮಾತಾಡದಿದ್ದರೆ ಹೆಸರು ಖಾರಿಜ್, ಅಂದರೆ ಪಟ್ಟಿಯಿಂದ ಹೊಡೆದು ಹಾಕುವುದೇ ಎಂದರು. ನಮ್ಮೂರಿಗೆ ಹೋಗಲು ಒಂದು ದಿನ, ಬರಲು ಒಂದು ದಿನ.

ಬೇವಿನ ಕೆಳಗೆ ಕೂತವನನ್ನು ಬೀಬಮ್ಮ ನೋಡಿದರು.

"ಯಾಕಪ್ಪಾ ಅಮರಪ್ಪ, ಮಾರಿ ಸಣ್ಣದು ಮಾಡ್ಕೊಂಡು ಕುಂತಿ?"

ಎಲ್ಲ ಹೇಳಿದೆ. "ಬಹಮನ್ ಯಾವಾಗ ಅಂತ ನನ್ನ ಕೇಳಬೇಕಿಲ್ಲೇನು? ಬಾಯಾಗ ಕಡಬು ತುರುಕಿಕೊಂಡಿದ್ಯಾ?" ಎಂದು ಬೈದರು. ಮರುದಿನ ಬೆಳಿಗ್ಗೆ ಬುರ್ಖಾ ತೊಟ್ಟು ನನ್ನ ಮುಂದೆ ನಡೆದರು. ಆ ಶಾಲೆಗೆ ಹೆಂಗಸು ಬಂದದ್ದನ್ನು ನಾನು ಕಂಡಿರಲಿಲ್ಲ. ಬಾಗಿಲ ಹೊರಗೇ ನಿಂತು ಸಾಹೇಬರಿಗೆ ಉರ್ದುವಿನಲ್ಲಿ ಹೇಳಿದ್ದನ್ನು ಅಂದು ಸಂಜೆ ನನಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು:

"ನಮ್ಮ ಹಬ್ಬ ಚಂದ್ರ ಕಂಡ್ರ ಬರ್ತದ, ಇವರದು ಚಂದ್ರ ಕಾಣದಿದ್ರ ಬರ್ತದ ಅಂದೆ. ಹುಡುಗ ಮ್ಯಾಲ ಆಕಾಶ ನೋಡಿ ಹೋಗ್ಯಾನ್ರಿ, ಸಾಲಿ ತಪ್ಪಿಸಾಕ ಕಳ್ಳ ಬಿದ್ದು ಹೋಗಿಲ್ಲ ಅಂದೆ."

ಸಾಹೇಬರು ಗಡ್ಡ ಸವರಿಕೊಂಡು ನಕ್ಕರು. ಪರೀಕ್ಷೆ ಮತ್ತೆ ಕೊಡುತ್ತೇನೆ, ಆದರೆ ಇವನಿಗೆ ಇದೇ ಊರಲ್ಲಿ ಒಬ್ಬರು ಸರಪರಸ್ತ ಬೇಕು ಎಂದರು. ಹುಡುಗನ ಹೊಣೆ ಹೊರುವ ಹಿರಿಯರು ಎಂದು ಅದರ ಅರ್ಥ. ರಿಜಿಸ್ಟರಿನಲ್ಲಿ ಅಪ್ಪನ ಹೆಸರಿನ ಕೆಳಗೆ ಬೀಬಮ್ಮ ಹೆಬ್ಬೆಟ್ಟು ಒತ್ತಿದರು. ಅವರ ಮನೆಯ ನೀರನ್ನೂ ಕುಡಿಯದವನ ಹೊಣೆಯನ್ನು ಅವರು ಹೊತ್ತಿದ್ದರು. ಆ ಸಂಜೆ ಅವರ ಕೊಡದಿಂದಲೇ ನೀರು ಕೇಳಿ ಕುಡಿದೆ. ಬೀಬಮ್ಮ ತಂಬಿಗೆಯನ್ನು ಮತ್ತೆ ತುಂಬಿಸಿದರು.

ಮರುವರ್ಷ ನಾನು ಸ್ವಂತವಾಗಿ ಬರೆದ ಮೊದಲ ಉರ್ದು ಅರ್ಜಿ ಎಳ್ಳಮಾವಾಸ್ಯೆಯ ರಜೆಗೆ. ಸಾಹೇಬರು ಮೂರು ಕಡೆ ತಿದ್ದಿ, ಮಂಜೂರು ಎಂದು ಬರೆದರು. ಊರಿಗೆ ಹೋದಾಗ ಜನ ಕಟ್ಟೆಗೆ ಕರೆದು ಕಾಗದ ಓದಿಸಿದರು. ಬರುವಾಗ ಅವ್ವ ಬೀಬಮ್ಮನಿಗೆಂದು ಕಡಬು ಕಟ್ಟಿ ಕೊಟ್ಟಳು.

ಬೀಬಮ್ಮ ಗಂಟು ಬಿಚ್ಚಿ, ಒಂದು ಕಡಬು ಎತ್ತಿ ನನ್ನ ಕೈಯಲ್ಲಿಟ್ಟರು.

"ಮೊದಲು ಬೇವಿನ ಬುಡಕ್ಕ ಒಂದು ತುತ್ತು ಚೆಲ್ಲು."

"ಚರಗ ಹೊಲಕ್ಕ ಚೆಲ್ಲೋದು ಬೀಬಮ್ಮ. ಚೆಲ್ಲೇ ಬಂದೀನಿ."

"ಬೆಳೆ ಇದ್ದಲ್ಲಿ ಚೆಲ್ಲತಾರ ಅಂತ ನೀನ ಹೇಳಿದ್ದಿ. ನೀ ಬೆಳ್ಯಾಕತ್ತಿದ್ದು ಇಲ್ಲಿ ಅಲ್ಲೇನಪ್ಪಾ?"

ಓದು ಮುಗಿದು ಲಿಂಗಸುಗೂರಿನಲ್ಲೇ ಮಾಸ್ತರನಾಗಿ ನಿಂತೆ. ಬೀಬಮ್ಮ ಈಗಿಲ್ಲ, ಬೇವು ಇದೆ. ಎಳ್ಳಮಾವಾಸ್ಯೆಯ ದಿನ ಪಾಮನಕಲ್ಲೂರಿನ ಹೊಲದಲ್ಲಿ ಚರಗ ಚೆಲ್ಲುವಾಗ ಒಂದು ಕಡಬನ್ನು ಪಂಚೆಯ ತುದಿಗೆ ಕಟ್ಟಿಕೊಳ್ಳುತ್ತೇನೆ. "ಅದ್ಯಾರಿಗೋ ತಮ್ಮಾ?" ಎಂದು ಅಣ್ಣ ಪ್ರತಿ ವರ್ಷ ಕೇಳುತ್ತಾನೆ. "ಆ ಹೊಲಕ್ಕ" ಎನ್ನುತ್ತೇನೆ.